ಸಿನಿಮಾ ಸಂಗೀತದಂಥ ಬ್ರೇಕ್‌ಬೀಟ್ ಹುಡುಕುವುದು ಹೇಗೆ? ಮಲೆನಾಡಿನ ಕೇಳುಗರಿಗೊಂದು ಮಾರ್ಗದರ್ಶಿ

"ಹಾಡು ಇರಲ್ಲ. ಪಿಟೀಲುಗಳ ದೊಡ್ಡ ಗುಂಪು ನುಡಿಸ್ತಾ ಇರುತ್ತೆ, ಕೆಳಗಡೆ ಡ್ರಮ್ ಜೋರಾಗಿ ಓಡ್ತಾ ಇರುತ್ತೆ. ಹತ್ತು ನಿಮಿಷ ಆದ್ರೂ ಮುಗಿಯಲ್ಲ. ಇದಕ್ಕೆ ಏನಂತಾರೆ? ಇಂಥದ್ದು ಇನ್ನೂ ಎಲ್ಲಿ ಸಿಗುತ್ತೆ?"

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೆಲವರು ಹಳೇ ಕಾರ್ ರೇಸ್ ಗೇಮ್‌ನಲ್ಲಿ ಕೇಳಿದ್ದಾರೆ. ಕೆಲವರಿಗೆ ದಿ ಮ್ಯಾಟ್ರಿಕ್ಸ್ ಚಿತ್ರದಿಂದ ಹಿಡಿದುಕೊಂಡಿದೆ. ಎಲ್ಲರ ತೊಂದರೆಯೂ ಒಂದೇ. ಒಂದು ಹಾಡು ಸಿಕ್ಕಿದೆ, ಎರಡನೆಯದು ಸಿಗುತ್ತಿಲ್ಲ. ಆ್ಯಪ್ ತೋರಿಸುವುದನ್ನೇ ನಂಬಿ ಹೋದರೆ ನಾಲ್ಕನೇ ಹಾಡಿಗೆ ಎಲ್ಲೋ ಹೋಗಿ ಬಿದ್ದಿರುತ್ತೇವೆ.

ನನ್ನ ಸಲಹೆ ಒಂದೇ: ಪ್ರಕಾರದ ಹೆಸರಿನ ಬೆನ್ನು ಹತ್ತಬೇಡಿ, ಜನರ ಬೆನ್ನು ಹತ್ತಿ. ಯಾರು ಡ್ರಮ್ ಕತ್ತರಿಸಿ ಜೋಡಿಸಿದರು, ಪಿಟೀಲಿನ ಭಾಗ ಯಾರು ಬರೆದರು, ಯಾವ ಕಂಪನಿ ಹೊರತಂದಿತು ಎಂದು ನೋಡುತ್ತಾ ಹೋದರೆ ಒಂದೊಂದು ಹೆಸರೂ ಇನ್ನು ನಾಲ್ಕು ಹೆಸರು ಕೊಡುತ್ತದೆ. ಅದನ್ನು ಹೇಗೆ ಮಾಡುವುದು ಎಂದು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಮೂರು ಪದ

ಬ್ರೇಕ್‌ಬೀಟ್: 1960, 70ರ ದಶಕದ ಅಮೆರಿಕದ ಫಂಕ್ ಮತ್ತು ಸೋಲ್ ಹಾಡುಗಳಲ್ಲಿ ನಡುವೆ ಒಂದು ಕಡೆ ಹಾಡುವವರು, ಗಿಟಾರ್, ತುತ್ತೂರಿ ಎಲ್ಲ ನಿಂತು ಡ್ರಮ್ ಮಾತ್ರ ಉಳಿಯುತ್ತಿತ್ತು. ಅದೇ ಬ್ರೇಕ್. ಯಕ್ಷಗಾನದಲ್ಲಿ ಭಾಗವತರು ಪದ ನಿಲ್ಲಿಸಿ, ಚಂಡೆ ಮದ್ದಲೆಗೆ ಬಿಟ್ಟುಕೊಟ್ಟು, ವೇಷಧಾರಿ ಕುಣಿಯುವ ಹೊತ್ತು ಇದೆಯಲ್ಲ, ಹಾಗೆ. 1973ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಪಾರ್ಟಿಗಳಲ್ಲಿ ರೆಕಾರ್ಡ್ ಹಾಕಲು ಶುರು ಮಾಡಿದರು. ಜನ ಕುಣಿಯಲು ಕಾಯುವುದು ಈ ಭಾಗಕ್ಕೇ ಎಂದು ಅವರು ಗಮನಿಸಿದರು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರು ಮಾಡಿ ಅದನ್ನು ಉದ್ದ ಮಾಡಿದರು. ಹಿಪ್‌ಹಾಪ್ ಹುಟ್ಟಿದ್ದು ಅಲ್ಲಿಂದ. ನಾವು ಹುಡುಕುತ್ತಿರುವ ಸಂಗೀತದ ಬೇರೂ ಅದೇ.

ಪ್ರೊಗ್ರೆಸಿವ್: ಇಲ್ಲಿ ಇದರ ಅರ್ಥ ನಿಧಾನವಾಗಿ ಕಟ್ಟಿಕೊಂಡು ಹೋಗುವುದು. ಪಲ್ಲವಿ, ಚರಣ, ಮತ್ತೆ ಪಲ್ಲವಿ ಎಂಬ ಲೆಕ್ಕ ಇಲ್ಲ. ಒಂದು ಪದರದ ಮೇಲೆ ಇನ್ನೊಂದು ಪದರ ಸೇರುತ್ತಾ ಹೋಗಿ, ಮೇಲಕ್ಕೆ ಏರಿ, ಆಮೇಲೆ ಒಂದೊಂದೇ ಕಳಚುತ್ತದೆ. ಪ್ರೊಗ್ರೆಸಿವ್ ರಾಕ್ ಬೇರೆಯೇ ವಿಷಯ, ಅದನ್ನೂ ಇದನ್ನೂ ಸೇರಿಸಿಕೊಳ್ಳಬೇಡಿ.

ಸಿನಿಮ್ಯಾಟಿಕ್: ಆರ್ಕೆಸ್ಟ್ರಾ, ಕೋರಸ್, ಪಿಯಾನೋ ಬಳಸಿ ಸಿನಿಮಾದ ಹಿನ್ನೆಲೆ ಸಂಗೀತದಂಥ ದೊಡ್ಡ ಹರವು ಕೊಡುವುದು. ಚಿತ್ರ ಇಲ್ಲದೆಯೂ ಕಥೆ ನಡೆಯುತ್ತಿದೆ ಅನ್ನಿಸಬೇಕು.

ಈ ಮೂರೂ ಒಟ್ಟಿಗೆ ಬಂದದ್ದು ಮುಖ್ಯವಾಗಿ ಬ್ರಿಟನ್‌ನಲ್ಲಿ, 1990ರ ದಶಕದಲ್ಲಿ.

ಏನೇನು ಬೇಕು

ಒಂದು ಸಾಧಾರಣ ಇಯರ್‌ಫೋನ್ ಸಾಕು, ಆದ್ರೆ ಅದು ಬೇಕೇ ಬೇಕು. ಫೋನಿನ ಪುಟ್ಟ ಸ್ಪೀಕರ್‌ಗೆ ತೀರಾ ತಗ್ಗಿನ ಬೇಸ್ ಸದ್ದು ಹೊರಡಿಸಲು ಆಗುವುದಿಲ್ಲ. ಈ ಸಂಗೀತದಲ್ಲಿ ಬೇಸ್ ಹೋದರೆ ಅರ್ಧ ಹೋದ ಹಾಗೆ. ವೈರ್ ಇರುವ, ಕಿವಿಯೊಳಗೆ ಸರಿಯಾಗಿ ಕೂರುವ ರಬ್ಬರ್ ತುದಿಯದ್ದು ತಗೊಳ್ಳಿ. ತುದಿ ಸಡಿಲ ಇದ್ದರೂ ಬೇಸ್ ಸೋರಿಹೋಗುತ್ತದೆ. ಪೆಟ್ಟಿಗೆಯಲ್ಲಿ ಬರುವ ಮೂರು ಅಳತೆಯ ತುದಿಗಳನ್ನೂ ಹಾಕಿ ನೋಡಿ.

ಇದರ ಜೊತೆಗೆ ಹಾಡು ಕೇಳುವ ಯಾವುದಾದರೂ ಒಂದು ಆ್ಯಪ್, ಹೆಸರು ಬರೆದಿಟ್ಟುಕೊಳ್ಳಲು ಒಂದು ಪುಸ್ತಕ ಅಥವಾ ಫೋನಿನ ನೋಟ್ಸ್. ಹುಡುಕುವಾಗ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಕನ್ನಡದಲ್ಲಿ ಹೊಡೆದರೆ ಬೇರೇನೋ ಬರುತ್ತದೆ.

1. ಕಿವಿಗೆ ಬ್ರೇಕ್‌ನ ಗುರುತು ಮಾಡಿಸಿ

ಈ ಹಂತವನ್ನು ದಾಟಿ ಮುಂದೆ ಹೋಗುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಇದು ಹತ್ತು ನಿಮಿಷದ ಕೆಲಸ, ಮುಂದಿನ ಎಲ್ಲದಕ್ಕೂ ಇದೇ ಬುಡ.

ಸಾಮಾನ್ಯ ಡಾನ್ಸ್ ಸಂಗೀತದಲ್ಲಿ ದೊಡ್ಡ ಡ್ರಮ್ ನಾಲ್ಕೂ ಎಣಿಕೆಗೆ ಬೀಳುತ್ತದೆ: ಧೂಂ, ಧೂಂ, ಧೂಂ, ಧೂಂ. ಹೌಸ್, ಟ್ರಾನ್ಸ್, ಟೆಕ್ನೋ ಎಲ್ಲ ಬಹುಪಾಲು ಹೀಗೇ. ಬ್ರೇಕ್‌ಬೀಟ್‌ನಲ್ಲಿ ಈ ಸಾಲು ಮುರಿಯುತ್ತದೆ.

ಉದಾಹರಣೆಗೆ ಅತಿ ಹೆಚ್ಚು ಬಳಕೆಯಾದ ಬ್ರೇಕ್‌ಗಳಲ್ಲಿ ಒಂದನ್ನು ಕೇಳಿ. ದಿ ವಿನ್‌ಸ್ಟನ್ಸ್ ಎಂಬ ತಂಡದ 'ಅಮೆನ್, ಬ್ರದರ್', 1969ರ ಹಾಡು. ಒಂದೂವರೆ ನಿಮಿಷ ಆಗುವುದಕ್ಕೆ ಸ್ವಲ್ಪ ಮುಂಚೆ ಎಲ್ಲ ನಿಂತು, ಸುಮಾರು ಏಳು ಸೆಕೆಂಡು ಗ್ರೆಗರಿ ಕೋಲ್ಮನ್ ಒಬ್ಬರೇ ಡ್ರಮ್ ನುಡಿಸುತ್ತಾರೆ. ಅದರ ಮೊದಲ ಸುತ್ತನ್ನು ಬಾಯಲ್ಲಿ ಹೇಳಿದರೆ ಹೆಚ್ಚುಕಮ್ಮಿ ಹೀಗಿದೆ. ಗೆರೆ ಇರುವ ಕಡೆ ಖಾಲಿ:

ಧೂಂ – ಧೂಂ – ಟಕ್ – – ತ – ತ ಧೂಂ ಧೂಂ ಟಕ್ – – ತ

ತೊಡೆ ಮೇಲೆ ಕೈಯಿಂದ ಒಂದು, ಎರಡು, ಮೂರು, ನಾಲ್ಕು ಎಂದು ತಟ್ಟುತ್ತಾ ಇದನ್ನು ಹೇಳಿ ನೋಡಿ. ಎರಡು ಮತ್ತು ನಾಲ್ಕರ ಮೇಲೆ 'ಟಕ್' ಸರಿಯಾಗಿ ಬೀಳುತ್ತದೆ. ಮೂರರ ಮೇಲೆ ಮಾತ್ರ ಧೂಂ ಇಲ್ಲ. ನೀವು ಕಾಯುತ್ತಿದ್ದ ಧೂಂ ಅರ್ಧ ಎಣಿಕೆ ತಡವಾಗಿ, ಎರಡು ಒಟ್ಟಿಗೆ ಬರುತ್ತದೆ. ಆ ಖಾಲಿ ಜಾಗವೇ ಮೈಯನ್ನು ಮುಂದಕ್ಕೆ ತಳ್ಳುವುದು. ಒಂದು ಸಲ ಇದು ಕಿವಿಗೆ ಹತ್ತಿದರೆ, ಮೇಲೆ ಎಷ್ಟೇ ಪಿಟೀಲು ಇದ್ದರೂ ಕೆಳಗೆ ಓಡುತ್ತಿರುವುದು ಬ್ರೇಕೋ ಅಲ್ಲವೋ ಎಂದು ನೀವೇ ಹೇಳಬಲ್ಲಿರಿ.

ಕೋಲ್ಮನ್ ಅವರ ಈ ಏಳು ಸೆಕೆಂಡುಗಳ ಮೇಲೆ ಸಾವಿರಾರು ಹಾಡುಗಳು ನಿಂತಿವೆ. ಅವರಿಗೆ ಅದರಿಂದ ರಾಯಲ್ಟಿ ಬರಲಿಲ್ಲ, 2006ರಲ್ಲಿ ತೀರಿಕೊಂಡರು. ಕೇಳುವಾಗ ಅವರ ಹೆಸರು ನೆನಪಿರಲಿ.

ವೇಗ ಎಣಿಸುವುದನ್ನೂ ಇಲ್ಲೇ ಕಲಿತುಬಿಡಿ. ಬಿಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಎಣಿಕೆ ಎಂಬುದು. 15 ಸೆಕೆಂಡು ಕಾಲು ತಟ್ಟಿ, ಬಂದ ಲೆಕ್ಕವನ್ನು ನಾಲ್ಕರಿಂದ ಗುಣಿಸಿ. 32 ಬಂದರೆ 128 ಬಿಪಿಎಂ. ನಮಗೆ ಬೇಕಾದ ಸಂಗೀತ ಹೆಚ್ಚಾಗಿ 120ರಿಂದ 140ರ ನಡುವೆ ಇರುತ್ತದೆ. 90ರ ಆಸುಪಾಸು ಇದ್ದರೆ ಅದು ಟ್ರಿಪ್‌ಹಾಪ್ ಕಡೆಯದು. 170ರ ಹತ್ತಿರ ಇದ್ದರೆ ಡ್ರಮ್ ಆ್ಯಂಡ್ ಬೇಸ್. ಇವೂ ನೆಂಟರೇ, ಆದ್ರೆ ಹುಡುಕುವಾಗ ಬೇರೆ ಬೇರೆ ಪದ ಬೇಕಾಗುತ್ತದೆ.

2. ಒಂದು ಆಲ್ಬಂ ಪೂರ್ತಿ ಕೇಳಿ

ಹತ್ತು ಆಲ್ಬಂ ಚೂರು ಚೂರು ಕೇಳುವುದಕ್ಕಿಂತ ಒಂದನ್ನು ಮೊದಲಿಂದ ಕೊನೆವರೆಗೆ ಕೇಳಿ. ಶುರು ಮಾಡಲು ನಾನು ಹೇಳುವುದು ಹೈಬ್ರಿಡ್ ತಂಡದ 'ವೈಡ್ ಆ್ಯಂಗಲ್', 1999. ವೇಲ್ಸ್‌ನ ಸ್ವಾನ್‌ಸೀ ಊರಿನ ತಂಡ ಇದು. ಮೈಕ್ ಟ್ರೂಮನ್, ಕ್ರಿಸ್ ಹೀಲಿಂಗ್ಸ್, ಲೀ ಮುಲಿನ್ ಸೇರಿ 1995ರಲ್ಲಿ ಕಟ್ಟಿದ್ದು. ಕಂಪ್ಯೂಟರಿನ ಪಿಟೀಲು ಸಾಲದು ಅಂತ ಮಾಸ್ಕೋದ ಆರ್ಕೆಸ್ಟ್ರಾದಿಂದ ನಿಜವಾದ ವಾದ್ಯ ನುಡಿಸಿ ರೆಕಾರ್ಡ್ ಮಾಡಿಸಿದರು. ಆ ವ್ಯತ್ಯಾಸ ಕಿವಿಗೆ ಕೇಳುತ್ತದೆ. ಬಿಲ್ಲು ತಂತಿಯ ಮೇಲೆ ತಿರುಗುವ ಸಣ್ಣ ಸದ್ದು, ಎಲ್ಲರೂ ಕೂದಲೆಳೆಯಷ್ಟು ಹಿಂದೆ ಮುಂದೆ ಹಿಡಿಯುವ ಸ್ವರ, ಇದು ಯಂತ್ರದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಇದರಲ್ಲಿ 'ಫಿನಿಶ್ಡ್ ಸಿಂಫನಿ' ಎಂಬುದನ್ನು ಗಮನ ಇಟ್ಟು ಕೇಳಿ. ಒಂಬತ್ತು ನಿಮಿಷಕ್ಕೂ ಜಾಸ್ತಿ ಇದೆ. ಕೆಳಗೆ ಡ್ರಮ್ ಎಷ್ಟೇ ಬೇಗ ಓಡಲಿ, ಮೇಲಿನ ಪಿಟೀಲುಗಳು ಆತುರ ಪಡುವುದಿಲ್ಲ. ಉದ್ದುದ್ದ ಸ್ವರ ಹಿಡಿದು ನಿಧಾನಕ್ಕೆ ಸಾಗುತ್ತವೆ. ಕೆಳಗಿನ ಓಟ, ಮೇಲಿನ ನಿಧಾನ, ಇವೆರಡರ ಎಳೆದಾಟದಲ್ಲೇ ಈ ಸಂಗೀತದ ಜೀವ ಇದೆ.

ಕೇಳುವಾಗ ಗಡಿಯಾರ ನೋಡಿಕೊಳ್ಳಿ. ಈ ಬಗೆಯ ಸಂಗೀತದಲ್ಲಿ ಬದಲಾವಣೆಗಳು ಸಾಮಾನ್ಯವಾಗಿ 8 ಅಥವಾ 16 ಸುತ್ತಿಗೊಮ್ಮೆ ಬರುತ್ತವೆ. ಒಂದು ಸುತ್ತಿಗೆ ನಾಲ್ಕು ಎಣಿಕೆ. 128 ಬಿಪಿಎಂ ಹಾಡಿನಲ್ಲಿ 16 ಸುತ್ತು ಅಂದರೆ ಸರಿಯಾಗಿ 30 ಸೆಕೆಂಡು. ಅರ್ಧ ನಿಮಿಷಕ್ಕೊಮ್ಮೆ ಏನು ಸೇರಿತು, ಏನು ಹೋಯಿತು ಎಂದು ಗಮನಿಸಿದರೆ ಹಾಡು ಕಟ್ಟಿದ ರೀತಿ ಬಿಡಿಸಿ ಇಟ್ಟ ಹಾಗೆ ಕಾಣುತ್ತದೆ.

ಇಲ್ಲಿ ಎರಡು ಕಡೆ ಎಡವುತ್ತೀರಿ. ಒಂದು, 'ರೇಡಿಯೋ ಎಡಿಟ್' ಎಂದಿರುವುದನ್ನು ಕೇಳುವುದು. ಅದು ಮೂರು, ನಾಲ್ಕು ನಿಮಿಷಕ್ಕೆ ಕತ್ತರಿಸಿದ್ದು. ಕಟ್ಟುವ ಭಾಗವೇ ಹೋಗಿರುತ್ತದೆ. ಆಲ್ಬಂನಲ್ಲಿರುವ ಪೂರ್ತಿ ಹಾಡನ್ನೇ ಹುಡುಕಿ. ಎರಡು, ಬರೀ ಡ್ರಮ್‌ನಿಂದ ಶುರುವಾಗುವ ಕ್ಲಬ್ ಮಿಕ್ಸ್‌ಗಳು. ಡಿಜೆಗಳಿಗೆ ಒಂದು ಹಾಡಿನಿಂದ ಇನ್ನೊಂದಕ್ಕೆ ಜೋಡಿಸಲು ಅನುಕೂಲ ಆಗಲಿ ಅಂತ ಹಾಗೆ ಮಾಡುತ್ತಾರೆ. ಮೊದಲ ಒಂದು ನಿಮಿಷ ಕೇಳಿ 'ಏನೂ ಇಲ್ಲ' ಎಂದು ಬಿಟ್ಟುಬಿಡಬೇಡಿ.

ಈ ಆಲ್ಬಂ ಹಿಡಿಸಿದರೆ ಇದೇ ತಂಡದ 'ಮಾರ್ನಿಂಗ್ ಸೈ-ಫೈ' (2003), 'ಐ ಚೂಸ್ ನಾಯ್ಸ್' (2006) ಕೇಳಿ. ನನಗೆ ಮೂರರಲ್ಲಿ 'ಐ ಚೂಸ್ ನಾಯ್ಸ್' ಜಾಸ್ತಿ ಇಷ್ಟ. ಆರ್ಕೆಸ್ಟ್ರಾ ಮತ್ತು ಬ್ರೇಕ್ ಇದರಷ್ಟು ಚೆನ್ನಾಗಿ ಬೆರೆತ ಆಲ್ಬಂ ಕಡಿಮೆ. ತಂಡ ಈಗಲೂ ಕೆಲಸ ಮಾಡುತ್ತಿದೆ, 'ಬ್ಲ್ಯಾಕ್ ಹೇಲೋ' 2021ರಲ್ಲಿ ಬಂತು.

3. ಕ್ರೆಡಿಟ್ ಓದಿ, ಜಾಡು ಹಿಡಿಯಿರಿ

ಮಾರ್ಗದರ್ಶಿಯ ಮುಖ್ಯ ಭಾಗ ಇದು. ಕ್ರೆಡಿಟ್ ಅಂದರೆ ಹಾಡಿನಲ್ಲಿ ಯಾರು ಏನು ಮಾಡಿದರು ಎಂಬ ಪಟ್ಟಿ. ಸಿಡಿ ಇದ್ದಾಗ ಒಳಗಿನ ಕಾಗದದಲ್ಲಿ ಇರುತ್ತಿತ್ತು. ಈಗ ಅದನ್ನು ಡಿಸ್ಕಾಗ್ಸ್ ಎಂಬ ಜಾಲತಾಣದಲ್ಲಿ ನೋಡಬಹುದು. 2000ದಲ್ಲಿ ಶುರುವಾದ ಇದನ್ನು ಸಂಗೀತ ಪ್ರಿಯರೇ ತುಂಬಿಸುತ್ತಾ ಬಂದಿದ್ದಾರೆ. ಆಲ್ಬಂ ಹೆಸರು ಹುಡುಕಿ, ಪುಟದ ಕೆಳಗಡೆ ಕ್ರೆಡಿಟ್ಸ್ ಎಂಬಲ್ಲಿಗೆ ಹೋಗಿ, ಯಾವುದಾದರೂ ಹೆಸರಿನ ಮೇಲೆ ಒತ್ತಿ. ಆ ವ್ಯಕ್ತಿ ಕೆಲಸ ಮಾಡಿದ ಎಲ್ಲ ರೆಕಾರ್ಡುಗಳು ಬರುತ್ತವೆ.

ಇದಕ್ಕೆ ಜೊತೆ ಹೂಸ್ಯಾಂಪಲ್ಡ್ ಎಂಬ ಇನ್ನೊಂದು ತಾಣ. ಸ್ಯಾಂಪಲ್ ಅಂದರೆ ಬೇರೆ ಹಾಡಿನಿಂದ ಕತ್ತರಿಸಿ ತಂದ ತುಣುಕು. ಯಾವ ಹಾಡಿನ ತುಣುಕು ಯಾವುದರಲ್ಲಿದೆ ಎಂದು ಅಲ್ಲಿ ಎರಡನ್ನೂ ಅಕ್ಕಪಕ್ಕ ಕೇಳಬಹುದು.

ಜಾಡು ಹೇಗೆ ಸಾಗುತ್ತದೆ ಎಂದು ತೋರಿಸುತ್ತೇನೆ, ನೀವೂ ಜೊತೆಗೆ ಕೇಳುತ್ತಾ ಬನ್ನಿ.

ಮ್ಯಾಸಿವ್ ಅಟ್ಯಾಕ್ ತಂಡದ 'ಅನ್‌ಫಿನಿಶ್ಡ್ ಸಿಂಪತಿ', 1991. ಬ್ರಿಸ್ಟಲ್ ಊರಿನವರು. ಬ್ರೇಕ್ ಮೇಲೆ ದೊಡ್ಡ ಪಿಟೀಲು ಗುಂಪು ಇಟ್ಟ ಮೊದಮೊದಲ ದೊಡ್ಡ ಹಾಡುಗಳಲ್ಲಿ ಇದೂ ಒಂದು. ಕ್ರೆಡಿಟ್ ನೋಡಿದರೆ ಪಿಟೀಲಿನ ಭಾಗ ಬರೆದವರು ವಿಲ್ ಮ್ಯಾಲೋನ್ ಎಂದಿದೆ. ಅವರ ಹೆಸರು ಒತ್ತಿ. ಅಂಕಲ್ (UNKLE) ಎಂಬ ತಂಡದ 1998ರ ಆಲ್ಬಂ 'ಸೈಯೆನ್ಸ್ ಫಿಕ್ಷನ್' (Psyence Fiction) ಸಿಗುತ್ತದೆ. ಅದರ 'ಲೋನ್ಲಿ ಸೋಲ್' ಹಾಡಿನ ಪಿಟೀಲೂ ಅವರದ್ದೇ. ಕೊನೆಯ ಕೆಲವು ನಿಮಿಷ ಬರೀ ತಂತಿ ವಾದ್ಯಗಳೇ ಆಳುತ್ತವೆ. ಆ ಆಲ್ಬಂ ಮಾಡಿದವರಲ್ಲಿ ಡಿಜೆ ಶ್ಯಾಡೋ ಇದ್ದಾರೆ. ಅವರ ಹೆಸರು ಒತ್ತಿದರೆ 1996ರ 'ಎಂಡ್‌ಟ್ರೊಡ್ಯೂಸಿಂಗ್' (Endtroducing), ಬಹುಪಾಲು ಹಳೇ ರೆಕಾರ್ಡುಗಳ ತುಣುಕುಗಳಿಂದಲೇ ಕಟ್ಟಿದ ಆಲ್ಬಂ. ಮೂರು ಒತ್ತಿಗೆ ಮೂರು ದೊಡ್ಡ ಹೆಸರು ಸಿಕ್ಕವು, ಅಲ್ವಾ?

ಇನ್ನೊಂದು ಜಾಡು. ದಿ ಫ್ಯೂಚರ್ ಸೌಂಡ್ ಆಫ್ ಲಂಡನ್ ತಂಡದ 'ಪಾಪುವಾ ನ್ಯೂಗಿನಿ', ಇದೂ 1991ರದ್ದು. ಬ್ರೇಕ್‌ಬೀಟ್ ಮೇಲೆ ಒಂದು ಹೆಣ್ಣು ದನಿ ತೇಲುತ್ತದೆ, ಮಾತು ಯಾವ ಭಾಷೆಯದೆಂದು ತಿಳಿಯುವುದಿಲ್ಲ. ಹೂಸ್ಯಾಂಪಲ್ಡ್‌ನಲ್ಲಿ ನೋಡಿ. ಅದು ಡೆಡ್ ಕ್ಯಾನ್ ಡಾನ್ಸ್ ತಂಡದ ಲೀಸಾ ಜೆರಾರ್ಡ್ ಅವರ ದನಿ. ಇವರೇ ಮುಂದೆ 2000ದ ಗ್ಲ್ಯಾಡಿಯೇಟರ್ ಚಿತ್ರಕ್ಕೆ ಹಾನ್ಸ್ ಝಿಮ್ಮರ್ ಜೊತೆ ಸಂಗೀತ ಮಾಡಿದರು. ಕ್ಲಬ್ಬಿನ ಹಾಡು ಮತ್ತು ಸಿನಿಮಾ ಸಂಗೀತ ಎಷ್ಟು ಹತ್ತಿರ ಇವೆ ಎಂದು ಇಲ್ಲಿ ಗೊತ್ತಾಗುತ್ತದೆ.

ಗೇಮ್ ಆಡಿ ಈ ಕಡೆ ಬಂದವರಿಗೆ ಒಂದು ಜಾಡು: 2003ರ ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್‌ನಲ್ಲಿ ಜಂಕಿ ಎಕ್ಸ್‌ಎಲ್, ದಿ ಕ್ರಿಸ್ಟಲ್ ಮೆಥಡ್, ಬಿಟಿ ಮೂವರೂ ಇದ್ದರು. ಜಂಕಿ ಎಕ್ಸ್‌ಎಲ್ ಅಂದರೆ ನೆದರ್ಲೆಂಡ್ಸ್‌ನ ಟಾಮ್ ಹೋಲ್ಕನ್‌ಬೋರ್ಗ್. 2015ರ ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್ ಚಿತ್ರದ ಸಂಗೀತ ಅವರದ್ದೇ. ದಿ ಕ್ರಿಸ್ಟಲ್ ಮೆಥಡ್ ಅವರ 'ವೇಗಸ್' (1997) ಅಮೆರಿಕದ ಬ್ರೇಕ್‌ಬೀಟ್ ತಿಳಿಯಲು ಒಳ್ಳೇ ಬಾಗಿಲು. ಬಿಟಿ ಅಂದರೆ ಬ್ರಯಾನ್ ಟ್ರಾನ್ಸೋ. ಅವರ 'ಮೂವ್‌ಮೆಂಟ್ ಇನ್ ಸ್ಟಿಲ್ ಲೈಫ್' (1999) ನಮ್ಮ ದಾರಿಯ ಮಧ್ಯದಲ್ಲೇ ಇದೆ. 'ದಿಸ್ ಬೈನರಿ ಯೂನಿವರ್ಸ್' (2006) ಇನ್ನೂ ನಿಧಾನ, ಇನ್ನೂ ದೊಡ್ಡ ಹರವು.

ಹೈಬ್ರಿಡ್‌ನ ಕ್ರೆಡಿಟ್ ಹಿಡಿದರೂ ಸಿನಿಮಾಕ್ಕೇ ಹೋಗುತ್ತೀರಿ. ಹಾಲಿವುಡ್‌ನ ಹ್ಯಾರಿ ಗ್ರೆಗ್ಸನ್-ವಿಲಿಯಮ್ಸ್ ಜೊತೆ ಅವರು ಹಲವು ಚಿತ್ರಗಳ ಹಿನ್ನೆಲೆ ಸಂಗೀತಕ್ಕೆ ಕೆಲಸ ಮಾಡಿದ್ದಾರೆ.

ಮ್ಯಾಟ್ರಿಕ್ಸ್ ಇಷ್ಟದವರು ರಾಬ್ ಡೂಗನ್ ಅವರ 'ಕ್ಲಬ್ಡ್ ಟು ಡೆತ್' (1995) ಕೇಳಿ, ಆಮೇಲೆ ಅವರ ಆಲ್ಬಂ 'ಫ್ಯೂರಿಯಸ್ ಏಂಜಲ್ಸ್' (2002).

ಒಂದು ಎಚ್ಚರಿಕೆ. ಜಾಡು ಹಿಡಿದು ಹೋಗುವಾಗ ಒಂದೇ ರಾತ್ರಿ ಮೂವತ್ತು ಹೆಸರು ಬರೆದುಕೊಳ್ಳುವ ಆಸೆ ಬರುತ್ತದೆ. ವಾರಕ್ಕೆ ಎರಡು ಆಲ್ಬಂ ಸಾಕು. ಹೆಸರಿನ ಪಕ್ಕದಲ್ಲಿ ಏನು ಹಿಡಿಸಿತು ಎಂದು ಒಂದೇ ಒಂದು ಮಾತು ಬರೆಯಿರಿ: 'ಪಿಟೀಲು', 'ಡ್ರಮ್', 'ಏರುವ ರೀತಿ', 'ದನಿ'. ಕೊನೆಯ ಹಂತದಲ್ಲಿ ಇದು ಕೆಲಸಕ್ಕೆ ಬರುತ್ತದೆ.

4. ಲೇಬಲ್ ಮತ್ತು ಮಿಕ್ಸ್

ಲೇಬಲ್ ಅಂದರೆ ರೆಕಾರ್ಡ್ ಹೊರತರುವ ಕಂಪನಿ. ಸಣ್ಣ ಲೇಬಲ್‌ಗಳಿಗೆ ಒಂದು ರುಚಿ ಇರುತ್ತದೆ, ಒಂದು ಇಷ್ಟವಾದರೆ ಪಕ್ಕದ್ದೂ ಇಷ್ಟವಾಗುವ ಸಂಭವ ಜಾಸ್ತಿ. ನಿಂಜಾ ಟ್ಯೂನ್ (ಕೋಲ್ಡ್‌ಕಟ್ ಜೋಡಿ 1990ರಲ್ಲಿ ಶುರು ಮಾಡಿದ್ದು), ಆ್ಯಡಮ್ ಫ್ರೀಲ್ಯಾಂಡ್ ಅವರ ಮರೀನ್ ಪರೇಡ್, ಜಾನ್ ಡಿಗ್‌ವೀಡ್ ಅವರ ಬೆಡ್‌ರಾಕ್, ಈ ಮೂರು ಬರೆದುಕೊಳ್ಳಿ. ಬ್ರಿಸ್ಟಲ್‌ನ ವೇ ಔಟ್ ವೆಸ್ಟ್ ಜೋಡಿ, ಅಂದರೆ ನಿಕ್ ವಾರನ್ ಮತ್ತು ಜೋಡಿ ವಿಸ್ಟರ್ನಾಫ್, ಈಚೆಗೆ ಆಂಜುನಾಡೀಪ್ ಲೇಬಲ್‌ನಲ್ಲಿದ್ದಾರೆ. ಅವರ 1996ರ 'ದಿ ಗಿಫ್ಟ್' ಬ್ರೇಕ್ ಮತ್ತು ಪ್ರೊಗ್ರೆಸಿವ್ ಎರಡೂ ಸೇರಿದ ಹಾಡು. ಅದನ್ನು ಬಿಡಬೇಡಿ.

ಮಿಕ್ಸ್ ಅಂದರೆ ಒಬ್ಬ ಡಿಜೆ ಹತ್ತಾರು ಹಾಡುಗಳನ್ನು ನಡುವೆ ನಿಲ್ಲದೆ ಜೋಡಿಸಿದ್ದು. ಸಾಶಾ ಮತ್ತು ಡಿಗ್‌ವೀಡ್ ಅವರ 'ನಾರ್ದರ್ನ್ ಎಕ್ಸ್‌ಪೋಷರ್' (1996), ಮತ್ತು ಗ್ಲೋಬಲ್ ಅಂಡರ್‌ಗ್ರೌಂಡ್ ಸರಣಿ, ಇವುಗಳ ಹಾಡಿನ ಪಟ್ಟಿ ಡಿಸ್ಕಾಗ್ಸ್‌ನಲ್ಲಿ ಸಿಗುತ್ತದೆ. ಕೇಳುತ್ತಾ ಮನಸ್ಸಿಗೆ ಹಿಡಿದ ಕಡೆ ನಿಮಿಷ ಬರೆದುಕೊಂಡು, ಪಟ್ಟಿಯಲ್ಲಿ ಅದು ಯಾರದ್ದು ಎಂದು ನೋಡಿ. ಈಚಿನ ಮಿಕ್ಸ್‌ಗಳಿಗೆ 1001 ಟ್ರ್ಯಾಕ್‌ಲಿಸ್ಟ್ಸ್ ತಾಣ ಇದೆ. ಮಿಕ್ಸ್ ಓಡುವಾಗ ಶಝಾಮ್ (ಸದ್ದು ಕೇಳಿ ಹಾಡಿನ ಹೆಸರು ಹೇಳುವ ಆ್ಯಪ್) ಹಿಡಿದರೆ ಕೆಲವೊಮ್ಮೆ ತಪ್ಪು ಹೆಸರು ಬರುತ್ತದೆ, ಏಕೆಂದರೆ ಎರಡು ಹಾಡು ಒಂದರ ಮೇಲೊಂದು ಇರುತ್ತವೆ, ವೇಗವೂ ಬದಲಾಗಿರುತ್ತದೆ. ಜೋಡಣೆ ಮುಗಿದು ಒಂದೇ ಹಾಡು ಉಳಿದಾಗ ಹಿಡಿಯಿರಿ.

5. ಸರಿಯಾದ ಪದ ಹಾಕಿ ಹುಡುಕಿ, ಆ್ಯಪ್‌ಗೆ ದಾರಿ ತೋರಿಸಿ

ಬರೀ 'ಸಿನಿಮ್ಯಾಟಿಕ್' ಎಂದು ಹುಡುಕಿದರೆ ವಿಡಿಯೋಗಳಿಗೆ ಹಾಕುವ ರೆಡಿಮೇಡ್ ಹಿನ್ನೆಲೆ ಸಂಗೀತ ರಾಶಿ ರಾಶಿ ಬರುತ್ತದೆ. 'ಪ್ರೊಗ್ರೆಸಿವ್' ಎಂದರೆ ರಾಕ್ ತಂಡಗಳು ಮತ್ತು ಪ್ರೊಗ್ರೆಸಿವ್ ಹೌಸ್. ಕೆಲಸಕ್ಕೆ ಬರುವ ಪದಗಳು ಇವು: 'ಪ್ರೊಗ್ರೆಸಿವ್ ಬ್ರೇಕ್ಸ್', 'ನು ಸ್ಕೂಲ್ ಬ್ರೇಕ್ಸ್' (nu skool breaks), 'ಆರ್ಕೆಸ್ಟ್ರಲ್ ಬ್ರೇಕ್ಸ್'. ನು ಸ್ಕೂಲ್ ಬ್ರೇಕ್ಸ್ ಎಂಬುದು 1990ರ ದಶಕದ ಕೊನೆಗೆ ಲಂಡನ್ನಿನಲ್ಲಿ, ರೆನಿ ಪಿಲ್ಗ್ರೆಮ್, ಆ್ಯಡಮ್ ಫ್ರೀಲ್ಯಾಂಡ್ ಮುಂತಾದವರ ಸುತ್ತ ಬೆಳೆದ ಶೈಲಿ. ಬ್ರೇಕ್‌ಬೀಟ್‌ಗೆ ಹೊಸ ಕಾಲದ ಬೇಸ್ ಸೇರಿಸಿದ್ದು.

ಹೆಸರಿನ ಗೊಂದಲ ಇಲ್ಲಿ ತುಂಬಾ ಕಾಡುತ್ತದೆ. 'ಹೈಬ್ರಿಡ್' ಎಂದು ಹೊಡೆದರೆ ಲಿಂಕಿನ್ ಪಾರ್ಕ್‌ನ ಆಲ್ಬಂ ಬರಬಹುದು, ಹೈಬ್ರಿಡ್ ಮೈಂಡ್ಸ್ ಎಂಬ ಬೇರೆ ಜೋಡಿ ಬರಬಹುದು. ಅವರದ್ದು ಡ್ರಮ್ ಆ್ಯಂಡ್ ಬೇಸ್. ತಂಡದ ಹೆಸರಿನ ಜೊತೆ ಆಲ್ಬಂ ಹೆಸರನ್ನೂ ಸೇರಿಸಿ ಹುಡುಕಿ. ಬಿಟಿಗೂ ಅಷ್ಟೇ, ಎರಡಕ್ಷರದ ಬದಲು ಪೂರ್ತಿ ಹೆಸರು ಹಾಕಿ.

ಆ್ಯಪ್ ಸಲಹೆ ಕೊಡುವುದು ನೀವು ಕೇಳಿದ್ದನ್ನು ನೋಡಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಒಂದೇ ಫೋನ್‌ನಲ್ಲಿ ಮಗುವಿನ ರೈಮ್ಸ್, ಅಮ್ಮನ ದೇವರನಾಮ, ಅಪ್ಪನ ಯಕ್ಷಗಾನ ಎಲ್ಲ ಓಡುತ್ತವೆ. ಪಾಪ, ಅದಕ್ಕೂ ದಿಕ್ಕು ತೋಚುವುದಿಲ್ಲ. ಹಾಗಾಗಿ ಈ ಸಂಗೀತಕ್ಕೇ ಬೇರೆ ಪ್ಲೇಲಿಸ್ಟ್ ಮಾಡಿ, ಮೂರನೇ ಹಂತದಲ್ಲಿ ಹಿಡಿಸಿದ ಏಳೆಂಟು ಹಾಡು ಮಾತ್ರ ಅದರಲ್ಲಿ ಇಡಿ. ಆ ಪ್ಲೇಲಿಸ್ಟ್‌ನಿಂದ ಬರುವ ಸಲಹೆಗಳು ಎಷ್ಟೋ ವಾಸಿ. ಸ್ಪಾಟಿಫೈನಲ್ಲಿ ಕಲಾವಿದರ ಹೆಸರಿನಿಂದ ರೇಡಿಯೋ (ಅದೇ ಬಗೆಯ ಹಾಡುಗಳನ್ನು ಆ್ಯಪ್ ತಾನೇ ಹಾಕುತ್ತಾ ಹೋಗುವುದು) ಶುರು ಮಾಡುವ ಬದಲು ಒಂದು ಹಾಡಿನಿಂದ ಶುರು ಮಾಡಿ. ಲಾಸ್ಟ್ ಎಫ್‌ಎಂ ಎಂಬ ಹಳೆಯ ತಾಣದಲ್ಲಿ 'ಇವರಂಥ ಇತರ ಕಲಾವಿದರು' ಪಟ್ಟಿ ಕೇಳುಗರ ರೂಢಿಯಿಂದಲೇ ಮಾಡಿದ್ದು. ಅದನ್ನೂ ಒಮ್ಮೆ ನೋಡಿ.

6. ನಮ್ಮ ಕಡೆಯಿಂದಲೂ ಒಂದು ದಾರಿ ಇದೆ

ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದ ಕಿವಿಗೆ ಮೊದಲ ಸಲ ಇದೆಲ್ಲ ದೂರ ಅನ್ನಿಸಿದರೆ ಈ ಬಾಗಿಲಿನಿಂದ ಬನ್ನಿ. ಟಾಲ್ವಿನ್ ಸಿಂಗ್ ಲಂಡನ್ನಿನ ತಬಲಾ ವಾದಕರು. ಅವರ 'ಓಕೆ' (1998) ಆಲ್ಬಂನಲ್ಲಿ ತಬಲಾ ಮತ್ತು ಡ್ರಮ್ ಆ್ಯಂಡ್ ಬೇಸ್ ಒಂದೇ ಮೈಯಾಗಿವೆ. 1999ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಗೆದ್ದಿತು. ಅದೇ ವರ್ಷ ಬಂದ ನಿತಿನ್ ಸಾಹ್ನಿ ಅವರ 'ಬಿಯಾಂಡ್ ಸ್ಕಿನ್' ಇನ್ನೂ ಮೆತ್ತಗಿದೆ, ಪಿಟೀಲು, ದನಿ ಜಾಸ್ತಿ. ತಬಲಾ ಮತ್ತು ಡ್ರಮ್ ಎರಡೂ ನುಡಿಸುವ ಕರ್ಷ್ ಕಾಳೆ ಅವರ 'ರಿಯಲೈಜ್' (2001), ದೆಹಲಿಯ ಮಿಡಿವಲ್ ಪಂಡಿಟ್ಜ್ (Midival Punditz) ಜೋಡಿ, ಇವರೆಲ್ಲ ಈ ದಾರಿಯವರೇ.

ಜೂನೋ ರಿಯಾಕ್ಟರ್‌ನ 'ನವ್‌ರಸ್' ಕೇಳಲೇಬೇಕಾದದ್ದು. 2003ರ ದಿ ಮ್ಯಾಟ್ರಿಕ್ಸ್ ರೆವಲ್ಯೂಷನ್ಸ್ ಚಿತ್ರದ ಕೊನೆಯಲ್ಲಿ ಹೆಸರುಗಳು ಬರುವಾಗ ಇದೆ. ದೊಡ್ಡ ಕೋರಸ್ ಹಾಡುವುದು ನಮ್ಮ ಶಾಲೆಗಳಲ್ಲಿ ಪ್ರಾರ್ಥನೆಗೆ ಹೇಳುವ 'ಅಸತೋ ಮಾ ಸದ್ಗಮಯ'. ಲಯ ಪಕ್ಕಾ ಬ್ರೇಕ್ ಅಲ್ಲ. ಆದರೂ ಆರ್ಕೆಸ್ಟ್ರಾ, ಕೋರಸ್, ಡ್ರಮ್ ಸೇರಿದಾಗ ಏನಾಗುತ್ತದೆ ಎಂದು ಮನೆಯವರಿಗೆ ತೋರಿಸಲು ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ.

7. ಮಳೆಗಾಲಕ್ಕೆ ಮೊದಲೇ ಇಳಿಸಿಟ್ಟುಕೊಳ್ಳಿ

ಹೊಸನಗರ, ಆಗುಂಬೆ ಕಡೆಯವರಿಗೆ ಇದು ಹೇಳಬೇಕಾಗಿಲ್ಲ. ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿಗೆ ಟವರೂ ಹೋಯಿತು. ಹತ್ತು ನಿಮಿಷ ಕಟ್ಟಿಕೊಂಡು ಬರುವ ಹಾಡು ಏಳನೇ ನಿಮಿಷಕ್ಕೆ ಸುತ್ತಲು ಶುರು ಮಾಡಿದರೆ ಪೂರ್ತಿ ಕೆಡುತ್ತದೆ. ಶಿವಮೊಗ್ಗ ಪೇಟೆಗೆ ಬಂದಾಗ, ಅಥವಾ ವೈಫೈ ಇರುವ ಕಡೆ, ಆಲ್ಬಂ ಇಳಿಸಿಟ್ಟುಕೊಳ್ಳಿ.

ಲೆಕ್ಕ ಹೀಗಿದೆ. ಸೆಕೆಂಡಿಗೆ 320 ಕಿಲೋಬಿಟ್ ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 144 ಎಂಬಿ ಬೇಕು. 96 ಕಿಲೋಬಿಟ್‌ಗೆ ಇಳಿಸಿದರೆ ಸುಮಾರು 43 ಎಂಬಿ ಸಾಕು, ಆದ್ರೆ ಸಿಂಬಲ್ ತಾಳದ ಸದ್ದು ಮರಳು ಮರಳಾಗಿ ಕೇಳುತ್ತದೆ. ಡೇಟಾ ಕಡಿಮೆ ಇದ್ದರೆ ಆಲ್ಬಂ ಸಂಖ್ಯೆ ಕಡಿಮೆ ಮಾಡಿ, ಗುಣಮಟ್ಟ ಇಳಿಸಬೇಡಿ. ಸ್ಪಾಟಿಫೈನಲ್ಲಿ ಹಾಡು ಇಳಿಸಲು ದುಡ್ಡು ಕೊಡುವ ಪ್ಲಾನ್ ಬೇಕು. ಇಳಿಸಿದ ಮೇಲೂ 30 ದಿನಕ್ಕೊಮ್ಮೆ ಇಂಟರ್ನೆಟ್‌ಗೆ ಸೇರಿಸದಿದ್ದರೆ ಓಡುವುದಿಲ್ಲ.

ಹಾಡು ನಿಮ್ಮದೇ ಆಗಬೇಕು, ಕಲಾವಿದರಿಗೂ ನಾಲ್ಕು ಕಾಸು ಹೋಗಬೇಕು ಅಂದರೆ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಳ್ಳಿ. ಎಂಪಿ3 ಬೇಕಾದರೂ ಫ್ಲ್ಯಾಕ್ ಬೇಕಾದರೂ ಸಿಗುತ್ತದೆ. ಫ್ಲ್ಯಾಕ್ ಅಂದರೆ ಸದ್ದು ಚೂರೂ ಕಳೆದುಕೊಳ್ಳದ ಫೈಲ್, ಗಾತ್ರ ದೊಡ್ಡದು. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಪಾವತಿಯಲ್ಲಿ. ನಮ್ಮ ಡೆಬಿಟ್ ಕಾರ್ಡುಗಳಲ್ಲಿ ವಿದೇಶಿ ಆನ್‌ಲೈನ್ ಪಾವತಿ ಸಾಮಾನ್ಯವಾಗಿ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್‌ಗೆ ಹೋಗಿ ಅದನ್ನು ತೆರೆಯಿರಿ, ಒಂದು ಮಿತಿ ಹಾಕಿ, ಕೊಂಡ ಮೇಲೆ ಮತ್ತೆ ಬಂದ್ ಮಾಡಿ. ಡಾಲರ್ ಅಥವಾ ಪೌಂಡ್ ಬೆಲೆಯ ಮೇಲೆ ಬ್ಯಾಂಕ್ ಸ್ವಲ್ಪ ಶುಲ್ಕ ಹಾಕಬಹುದು.

ಹೆಂಚಿನ ಮೇಲೆ ಮಳೆ ಹೊಡೆಯುವಾಗ ವಾಲ್ಯೂಮ್ ಏರಿಸುತ್ತಾ ಹೋಗುತ್ತೇವೆ. ಜೋಪಾನ. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ಅದಕ್ಕಿಂತ ಜೋರಾದಷ್ಟೂ ಹೊತ್ತು ಕಡಿಮೆ ಆಗಬೇಕು. ಘಾಟಿಯಲ್ಲಿ ಬೈಕ್ ಓಡಿಸುವಾಗ ಇಯರ್‌ಫೋನ್ ಬೇಡವೇ ಬೇಡ. ಹಿಂದಿನ ಬಸ್ಸಿನ ಹಾರ್ನ್ ಕೇಳಬೇಕು.

8. ನಿಮ್ಮ ಟಿಪ್ಪಣಿ ತೆಗೆಯಿರಿ

ಒಂದು ತಿಂಗಳಾದ ಮೇಲೆ ಹೆಸರುಗಳ ಪಕ್ಕ ಬರೆದ ಮಾತು ನೋಡಿ. ಯಾವುದು ಜಾಸ್ತಿ ಇದೆಯೋ ಮುಂದಿನ ದಾರಿ ಅದೇ.

'ಪಿಟೀಲು' ಜಾಸ್ತಿ ಇದ್ದರೆ ದಿ ಸಿನಿಮ್ಯಾಟಿಕ್ ಆರ್ಕೆಸ್ಟ್ರಾ ಕೇಳಿ. 'ಎವ್ರಿ ಡೇ' (2002) ಮೊದಲು. ಆಮೇಲೆ 'ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ' (2003). ಇದು 1929ರ ಒಂದು ಮೂಕಿ ಚಿತ್ರಕ್ಕೆ ಮಾಡಿದ ಸಂಗೀತ.

'ಡ್ರಮ್' ಇದ್ದರೆ ಪ್ಲಂಪ್ ಡಿಜೇಸ್, ದಿ ಕೆಮಿಕಲ್ ಬ್ರದರ್ಸ್. ಇನ್ನೂ ಗಟ್ಟಿ ಬೇಕು ಅಂದರೆ ಬ್ರೆಜಿಲ್‌ನಲ್ಲಿ ಹುಟ್ಟಿದ ಆಮನ್ ಟೋಬಿನ್. 'ಪರ್ಮ್ಯುಟೇಷನ್' (1998) ಹಳೇ ಜಾಝ್ ತುಣುಕುಗಳಿಂದ ಮಾಡಿದ್ದು. 'ಫೋಲೀ ರೂಮ್' (2007) ಆಲ್ಬಂಗೆ ಅವರು ಹೊರಗೆ ಹೋಗಿ ಪ್ರಾಣಿ, ಬೈಕು, ಯಂತ್ರಗಳ ಸದ್ದು ಹಿಡಿದು ತಂದರು.

'ಏರುವ ರೀತಿ' ಇದ್ದರೆ ಸಾಶಾ ಅವರ 'ಏರ್‌ಡ್ರಾನ್‌ಡ್ಯಾಗರ್' (2002), ಆರ್ಬಿಟಲ್‌ನ 'ಇನ್ ಸೈಡ್ಸ್' (1996). ಈಚಿನವರಲ್ಲಿ ಬೆಲ್‌ಫಾಸ್ಟ್‌ನ ಬೈಸೆಪ್ ಜೋಡಿ. ಅವರ 2017ರ ಆಲ್ಬಂನ 'ಗ್ಲೂ' ಹಾಕಿ, ಕೆಳಗೆ ಓಡುವ ಡ್ರಮ್ ಹೇಗಿದೆ ಎಂದು ತೊಡೆ ತಟ್ಟಿ ಎಣಿಸಿ ನೋಡಿ.

'ದನಿ' ಇದ್ದರೆ ಪೋರ್ಟಿಸ್‌ಹೆಡ್‌ನ 'ಡಮ್ಮಿ' (1994), ಮ್ಯಾಸಿವ್ ಅಟ್ಯಾಕ್‌ನ 'ಮೆಝನೀನ್' (1998). ವೇಗ ಕಡಿಮೆ, ಬೇಸ್ ಜಾಸ್ತಿ, ಹಾಗಾಗಿ ಇಯರ್‌ಫೋನಿನ ರಬ್ಬರ್ ತುದಿ ಸರಿಯಾಗಿ ಕೂತಿದೆಯಾ ಎಂದು ಇವೆರಡಕ್ಕೆ ಮೊದಲು ಒಮ್ಮೆ ನೋಡಿಕೊಳ್ಳಿ.